ಬಾಲಕ್ಕೆ ಆರು ಡಾಲರ್

ಬಾಯಿ ತೆರೆದರೆ ಮೊದಲು ಕಾಣುವುದು ಕಿತ್ತಳೆ ಬಣ್ಣದ ಬಾಚಿಹಲ್ಲು. ಹಲ್ಲಿನ ಎನಾಮಲ್‌ನಲ್ಲಿರುವ ಕಬ್ಬಿಣದ ಅಂಶದಿಂದ ಬಂದ ಬಣ್ಣವದು. ತುಟಿಗಳು ಆ ಹಲ್ಲುಗಳ ಹಿಂದೆ ಮುಚ್ಚಿಕೊಳ್ಳುವುದರಿಂದ ನೀರೊಳಗೇ ಬೇರು ಕಡಿದರೂ ಬಾಯಿಗೆ ನೀರು ನುಗ್ಗದು. ಹೆಣ್ಣಿನ ಮೊಲೆತೊಟ್ಟುಗಳಿರುವುದು ಪಕ್ಕೆಯ ಮೇಲ್ಭಾಗದಲ್ಲಿ. ತಾಯಿ ಈಜುತ್ತಿದ್ದರೂ ಮರಿಗೆ ಹಾಲು ತಪ್ಪದು. ಐದರಿಂದ ಒಂಬತ್ತು ಕಿಲೋ ತೂಗುವ, ಭಾರೀ ಹೆಗ್ಗಣದಂತಿರುವ ಈ ದಂಶಕವೇ ನ್ಯೂಟ್ರಿಯಾ. ತವರು ದಕ್ಷಿಣ ಅಮೆರಿಕ.

ಅದನ್ನು ಊರು ಬಿಡಿಸಿದ್ದು ಅದರ ಮೃದುವಾದ ತುಪ್ಪಳ. 1929ರಲ್ಲಿ ಇಂಗ್ಲೆಂಡಿಗೆ, 1930ರ ದಶಕದಲ್ಲಿ ಅಮೆರಿಕದ ಲೂಸಿಯಾನಕ್ಕೆ ಸಾಕಣೆಗೆಂದು ತಂದರು. ತಪ್ಪಿಸಿಕೊಂಡವು ಜೌಗು ಸೇರಿದವು. ಹೆತ್ತ ಒಂದೆರಡು ದಿನಕ್ಕೇ ಮತ್ತೆ ಗರ್ಭ ಕಟ್ಟಬಲ್ಲ ಪ್ರಾಣಿಗೆ ಸಂತಾನ ಹೆಚ್ಚಲು ಎಷ್ಟು ಹೊತ್ತು?

ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ಮೇವು ಬೇಕು ಇದಕ್ಕೆ. ಎಲೆ ಮೇಯ್ದು ಬಿಟ್ಟಿದ್ದರೆ ಹುಲ್ಲು ಮತ್ತೆ ಚಿಗುರುತ್ತಿತ್ತು. ಇದು ಬುಡ ಅಗೆದು ಬೇರು ತಿನ್ನುತ್ತದೆ. ಹಿಡಿದಿಡುವ ಬೇರಿಲ್ಲದ ಮಣ್ಣನ್ನು ಉಬ್ಬರವಿಳಿತ ಕೊಚ್ಚಿಕೊಂಡು ಹೋಗುತ್ತದೆ. ನಿನ್ನೆಯ ಹುಲ್ಲುಗಾವಲು ಬರೀ ನೀರಾಗುತ್ತದೆ. ಇಟಲಿಯಲ್ಲಿ ಇದೇ ಪ್ರಾಣಿ ನದಿ, ಕಾಲುವೆಗಳ ಏರಿಗಳಲ್ಲಿ ಬಿಲ ಕೊರೆದು ಅವನ್ನು ಟೊಳ್ಳು ಮಾಡಿದೆ.

ಹಾನಿ ತಡೆಯಲು ಲೂಸಿಯಾನ 2002ರಿಂದ ತಂದೊಪ್ಪಿಸಿದ ಪ್ರತಿ ನ್ಯೂಟ್ರಿಯಾ ಬಾಲಕ್ಕೆ 4 ಡಾಲರ್ ಕೊಡತೊಡಗಿತು. ಈಗ ಅದು 6. ಹಾನಿಯೇನೋ ತಗ್ಗಿತು, ಪ್ರಾಣಿ ಮಾತ್ರ ಉಳಿಯಿತು. ಬಾಲದ ಲೆಕ್ಕದಲ್ಲಿ ದುಡಿಯುವವನು ಹೆಚ್ಚು ಸಿಗುವ ಕಡೆಗೇ ಹೋಗುತ್ತಾನೆ; ನಾಲ್ಕೈದು ಉಳಿದಿರುವ ಕೆಸರಿನಲ್ಲಿ ದಿನಗಟ್ಟಲೆ ಕಾದರೆ ದೋಣಿಯ ಪೆಟ್ರೋಲ್ ಖರ್ಚೂ ಹುಟ್ಟದು.

ಇಂಗ್ಲೆಂಡ್ ಲೆಕ್ಕವನ್ನೇ ತಿರುಗಿಸಿತು. 1981ರಲ್ಲಿ 24 ಮಂದಿಯನ್ನು ಸಂಬಳಕ್ಕಿಟ್ಟು ಬೋನು ಇಡಿಸಿತು. ಪ್ರಾಣಿ ಮುಗಿದರೆ ನೌಕರಿಯೂ ಮುಗಿಯುತ್ತದಲ್ಲ, ಯಾರು ತಾನೇ ಪೂರ್ತಿ ಮುಗಿಸುತ್ತಾರೆ? ಅದಕ್ಕೆಂದೇ ಗಡುವಿನೊಳಗೆ ನಿರ್ಮೂಲ ಮಾಡಿದರೆ ಮೂರು ವರ್ಷದ ಸಂಬಳದವರೆಗೂ ಬೋನಸ್ ಎಂದಿತು. 1989ರಲ್ಲಿ ನಿರ್ಮೂಲನೆಯ ಘೋಷಣೆ ಬಂತು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲೂ ಸಂಬಳದ ತಂಡವೇ, ಮೂಸಿ ಹುಡುಕುವ ನಾಯಿಗಳೊಂದಿಗೆ, ಸುಮಾರು 14,000 ಪ್ರಾಣಿಗಳನ್ನು ತೆಗೆಯಿತು. 2022ರಲ್ಲಿ ಗೆಲುವು ಸಾರಿತು.

ಲೂಸಿಯಾನದ ಜೌಗು ಇವೆರಡಕ್ಕಿಂತ ಬಹಳ ದೊಡ್ಡದು, ಚಳಿಯೂ ಕಡಿಮೆ. ಅಲ್ಲಿ ಗುರಿಯಿರುವುದೂ ಹತೋಟಿಗಷ್ಟೇ. ಆದರೆ ನಿರ್ಮೂಲ ಮಾಡಬೇಕೆಂದರೆ ಹಣ ಹೋಗಬೇಕಾದದ್ದು ಮೊದಲ ಸಾವಿರ ಬಾಲಗಳಿಗಲ್ಲ, ಕೊನೆಯ ಹತ್ತು ಪ್ರಾಣಿಗಳಿಗೆ. 2017ರಲ್ಲಿ ನ್ಯೂಟ್ರಿಯಾ ಮತ್ತೆ ಕಾಣಿಸಿಕೊಂಡ ಕ್ಯಾಲಿಫೋರ್ನಿಯ ಈಗ ಹೊರಟಿರುವುದು ಆ ನಿರ್ಮೂಲನೆಯ ಹಾದಿಯಲ್ಲೇ.