ಗ್ವಾಡಲ್ಕಿವೀರ್ ಬಯಲಿನ ಕುದುರೆ

ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಜೂನ್ ಹೊತ್ತಿಗೆ ಹುಲ್ಲುಗಾವಲೆಲ್ಲ ಒಣಗಿ ನಿಲ್ಲುತ್ತದೆ. ಗ್ವಾಡಲ್ಕಿವೀರ್ ನದೀ ಬಯಲಿನ ಎಸಿಹಾ ಪಟ್ಟಣಕ್ಕೆ ‘ಆಂಡಲೂಸಿಯಾದ ಬಾಣಲೆ’ ಎಂಬ ಅಡ್ಡಹೆಸರೇ ಇದೆ. ಯುರೋಪಿನ ಹೆಸರಾಂತ ಕುದುರೆ ತಳಿಯೊಂದು ರೂಪುಗೊಂಡದ್ದು ಈ ಬಯಲಿನಲ್ಲಿ. ಅದರ ಕೀರ್ತಿಯನ್ನು ಅರಮನೆಯ ಲೆಕ್ಕಕ್ಕೆ ಬರೆಯುವುದು ರೂಢಿ. ಆದರೆ ಇಲ್ಲಿನ ಸವಾರಿಗೆ ಅದರ ಇಂದಿನ ಚಹರೆ ಕೊಟ್ಟವರು ದನಗಾಹಿಗಳು. ಉಳಿದದ್ದು ಬಿಸಿಲಿನ ಕೆಲಸ.

ಅರಮನೆಯ ಪಾಲೂ ಸಣ್ಣದಲ್ಲ. ದೊರೆ ಎರಡನೇ ಫಿಲಿಪ್ 1567ರಲ್ಲಿ ಕೊರ್ಡೋಬಾದಲ್ಲಿ ರಾಜಲಾಯ ಸ್ಥಾಪಿಸಿ, ಆಯ್ದ ಹೆಣ್ಣು ಗಂಡು ಕುದುರೆಗಳಿಂದ ತಳಿ ತೆಗೆಸಿದ. ಹೆರೆಸ್ ಪಟ್ಟಣದ ಮಠವೊಂದರ ಸಂನ್ಯಾಸಿಗಳೂ ಕುದುರೆ ಸಾಕಿ ಹೆಸರಾದರು. ಅದೇ ಹೆರೆಸ್‌ನಲ್ಲಿ 1973ರಲ್ಲಿ ಆಲ್ವರೊ ಡೊಮೆಕ್ ಆರಂಭಿಸಿದ ಸವಾರಿ ಶಾಲೆಯ ಪ್ರದರ್ಶನ ಇಂದಿಗೂ ಪ್ರವಾಸಿಗರನ್ನು ಸೆಳೆಯುತ್ತಿದೆ.

ದನಗಾಹಿಯ ಕೆಲಸವೇ ಬೇರೆ. ನದಿಯ ಕೆಳಗಣ ಜೌಗಿನಲ್ಲಿ ಅರೆಕಾಡು ದನಗಳನ್ನು ಬೇರ್ಪಡಿಸಲು ಅವನಿಗೆ ಉದ್ದನೆಯ ಗಳು ಬೇಕು. ಅದಕ್ಕೆ ಗರೋಚಾ ಎನ್ನುತ್ತಾರೆ. ಬಲಗೈಯಲ್ಲಿ ಗಳು ಇದ್ದ ಮೇಲೆ ಲಗಾಮಿಗೆ ಉಳಿಯುವುದು ಎಡಗೈ ಒಂದೇ. ಹಾಗಾಗಿ ಒಂದೇ ಕೈಯ ಸೂಚನೆಗೆ ಗಕ್ಕನೆ ನಿಲ್ಲುವ, ನಿಂತಲ್ಲೇ ತಿರುಗುವ ಕುದುರೆ ಬೇಕಾಯಿತು. ಇಂದು ಸ್ಪರ್ಧೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಈ ಚಮತ್ಕಾರ ಹುಟ್ಟಿದ್ದು ಹೋರಿಯ ಕೊಂಬಿನಿಂದ ತಪ್ಪಿಸಿಕೊಳ್ಳಲು.

ಸಲಕರಣೆಗಳಲ್ಲಿ ಹವೆಯ ಗುರುತು ಇನ್ನೂ ಸ್ಪಷ್ಟ. ಕುದುರೆಯ ಹಣೆಪಟ್ಟಿಯಿಂದ ತೆಳ್ಳನೆಯ ತೊಗಲಿನ ಎಳೆಗಳು ಕುಚ್ಚಿನಂತೆ ಕಣ್ಣಿನ ಮೇಲೆ ಇಳಿಬಿದ್ದಿರುತ್ತವೆ. ಹೆಜ್ಜೆಗೊಮ್ಮೆ ತಲೆ ಆಡಿದಾಗ ಅವೂ ಆಡಿ ನೊಣಗಳನ್ನು ಓಡಿಸುತ್ತವೆ. ನೋಡುವವರು ಅಲಂಕಾರವೆಂದುಕೊಳ್ಳುತ್ತಾರೆ, ಇರಲಿ. ಜೀನಿನ ಮೇಲೆ ಉಣ್ಣೆ ಸಮೇತ ಕುರಿತೊಗಲು ಹೊದಿಸುತ್ತಾರೆ. ಸುಡುಬಿಸಿಲಿಗೆ ಉಣ್ಣೆಯೇ ಎಂದು ಹುಬ್ಬೇರಿಸುವ ಮೊದಲು, ದಿನವಿಡೀ ಬರಿಯ ತೊಗಲಿನ ಜೀನಿನ ಮೇಲೆ ಕುಳಿತು ನೋಡಬೇಕು.

ಹೆಣ್ಣು ಕುದುರೆಗಳ ಬಾಳು ಮಾತ್ರ ಬಯಲಿನಲ್ಲೇ. ಒಕ್ಕಣೆಯ ಯಂತ್ರ ಬರುವ ಮುನ್ನ, ನಮ್ಮ ಕಣಗಳಲ್ಲಿ ಎತ್ತುಗಳು ಹಂತಿ ತುಳಿದಂತೆ, ಅಲ್ಲಿ ಸಾಲಾಗಿ ಕಟ್ಟಿದ ಹೆಣ್ಣು ಕುದುರೆಗಳು ಗೋಧಿ ತುಳಿಯುತ್ತಿದ್ದವು. ಡೊನ್ಯಾನ ಜೌಗಿನಲ್ಲಿ ಮೇಯುವ ಹಿಂಡುಗಳನ್ನು ಮರಿಗಳ ಸಮೇತ ಪ್ರತಿ ಜೂನ್ 26ರಂದು ಅಲ್ಮೊಂತೆ ಊರಿಗೆ ಹೊಡೆದು ತಂದು, ಕೂದಲು ಕತ್ತರಿಸಿ, ಮಾರುವ ಮರಿಗಳನ್ನು ಮಾರುತ್ತಾರೆ. ಮದೀನಾ ಸಿದೋನಿಯಾದ ಡ್ಯೂಕ್ 1504ರಲ್ಲೇ ಇದಕ್ಕೆ ಕಟ್ಟಳೆ ಮಾಡಿದ್ದ.

ಮೇವು ಹಿಂದಿನಿಂದ ಬಾರ್ಲಿ ಮತ್ತು ಒಣಹುಲ್ಲು. ನೀರಾವರಿ ಇರುವಲ್ಲಿ ಕುದುರೆ ಮಸಾಲೆ ಸೊಪ್ಪು. ಕಷ್ಟವಿರುವುದು ನೀರು ಕುಡಿಸುವುದರಲ್ಲಿ. ಕುದುರೆ ಮೈ ತಂಪು ಮಾಡಿಕೊಳ್ಳುವುದು ಹೆಚ್ಚಾಗಿ ಬೆವರಿನಿಂದಲೇ. ಬಿರುಬಿಸಿಲಿನ ದುಡಿತದಲ್ಲಿ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಆ ಬೆವರಿನ ಜೊತೆ ಉಪ್ಪೂ ಹೇರಳವಾಗಿ ಹೋಗುವುದರಿಂದ ಉಳಿದ ರಕ್ತ ಗಾಢವಾಗುವುದಿಲ್ಲ, ಬಾಯಾರಿಕೆಯ ಸೂಚನೆ ಮಿದುಳಿಗೆ ಮುಟ್ಟುವುದಿಲ್ಲ. ಬಸವಳಿದ ಕುದುರೆ ತೊಟ್ಟಿಯೆದುರು ಸುಮ್ಮನೆ ನಿಲ್ಲುವುದು ಅದಕ್ಕೇ. ಆದ್ದರಿಂದ ಉಪ್ಪನ್ನೂ ಕೊಡಬೇಕು. ಕಾದ ಮೈಗೆ ತಣ್ಣೀರು ಸುರಿದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಹಳೆಯ ಭಯವನ್ನು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ನಡೆದ ಸಂಶೋಧನೆ ದೂರ ಮಾಡಿತು. ತಣ್ಣೀರು ಸುರಿಯುತ್ತಲೇ ಇರುವುದು ಒಳ್ಳೆಯ ಚಿಕಿತ್ಸೆ.

ಬಿಸಿಲಿಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ನುಸಿ. ‘ಆಫ್ರಿಕನ್ ಕುದುರೆ ರೋಗ’ ಹರಡುವುದು ಅದರ ಕಡಿತದಿಂದ. 1960ರ ಸುಮಾರಿಗೆ ಪಶ್ಚಿಮ ಏಷ್ಯಾದಿಂದ ಭಾರತದವರೆಗೆ ವ್ಯಾಪಿಸಿ ಲಕ್ಷಗಟ್ಟಲೆ ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಕೊಂದ ರೋಗವಿದು. 1987ರಲ್ಲಿ ನಮೀಬಿಯಾದಿಂದ ತರಿಸಿದ ಜೀಬ್ರಾಗಳ ಮೂಲಕ ಸ್ಪೇನಿಗೆ ಬಂತು. ಬೆಚ್ಚನೆಯ ಆಂಡಲೂಸಿಯಾದಲ್ಲಿ ನುಸಿ ಚಳಿಗಾಲದಲ್ಲೂ ಉಳಿದು, ರೋಗ 1990ರವರೆಗೆ ಕಾಡಿತು. ಲಸಿಕೆ ಮತ್ತು ಸಾಗಣೆಯ ನಿರ್ಬಂಧದಿಂದ ಕೊನೆಗೆ ಹತೋಟಿಗೆ ಬಂತು. ನುಸಿ ಮುತ್ತುವುದು ಮುಸ್ಸಂಜೆಯಿಂದ ನಸುಕಿನವರೆಗೆ, ತಂಪಿರುವುದೂ ಆಗಲೇ. ಬೇಸಿಗೆಯಲ್ಲಿ ಸವಾರಿಗೆ ಎರಡಕ್ಕೂ ಹೊಂದುವ ಹೊತ್ತೆಂದರೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ.