ಮನೆ, ಹೊಲ, ಸಂಘದ ಕಟ್ಟಡಕ್ಕೆ ಸೋಲಾರ್: ಸರಕಾರದ ಸಹಾಯಧನ ಯಾರಿಗೆ, ಎಷ್ಟು?

– ಪಶುವೈದ್ಯ ವಿಸ್ತರಣಾಧಿಕಾರಿ



ಕಳೆದ ಬೇಸಿಗೆಯಲ್ಲಿ ರನ್ನ ಬೆಳಗಲಿಯಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ನಡೆದಾಗ ಹಿರಿಯ ಸದಸ್ಯರೊಬ್ಬರು ಎಮ್ಮೆಯ ಹಗ್ಗ ಹಿಡಿದುಕೊಂಡೇ ಕೇಳಿದರು: "ಡಾಕ್ಟ್ರ, ಎಮ್ಮೀದು ಆಮ್ಯಾಲ ನೋಡೂಣು. ಮೊದಲ ಈ ಸೋಲಾರ್ ಸಬ್ಸಿಡಿದು ಖರೇ ಏನು ಹೇಳ್ರಿ. ಒಬ್ಬಾಂವ ಪುಕ್ಕಟೆ ಅಂತಾನ, ಒಬ್ಬಾಂವ ಎರಡು ಲಕ್ಷ ಅಂತಾನ." ಅವರ ಸುತ್ತ ನಿಂತಿದ್ದ ಹತ್ತಾರು ಸದಸ್ಯರ ಸಂಶಯವೂ ಇದೇ ಆಗಿತ್ತು. ಒಬ್ಬರು ಆಗಲೇ ಮೊಬೈಲಿನಲ್ಲಿ ಬಂದ ಸಂದೇಶ ನಂಬಿ "ನೋಂದಣಿ ಶುಲ್ಕ" ಎಂದು 5,600 ರೂಪಾಯಿ ಕಳೆದುಕೊಂಡಿದ್ದರು. ಅದು ಅವರ ಮನೆಯ ಒಂದು ಬಟವಡೆಯ ಹಾಲಿನ ಹಣ. ಆದ್ದರಿಂದ ಈ ವಿಷಯವನ್ನು ಪತ್ರಿಕೆಯ ಮೂಲಕ ಎಲ್ಲ ಸದಸ್ಯರಿಗೂ ತಿಳಿಸುವುದು ಅವಶ್ಯವೆನಿಸಿತು.

ಮೊದಲು ಮೀಟರು ಯಾವುದೆಂದು ನೋಡಿರಿ

ಸಹಾಯಧನ ನಿಮ್ಮ ಮೀಟರು ಯಾವ ವರ್ಗದ್ದು ಎಂಬುದರ ಮೇಲೆ ನಿಂತಿದೆ. ವಾಸದ ಮನೆಗೆ ಒಂದು ಯೋಜನೆ, ಹೊಲದ ಪಂಪಿಗೆ ಇನ್ನೊಂದು. ಅಂಗಡಿ, ಹಿಟ್ಟಿನ ಗಿರಣಿ, ಹಾಲು ಉತ್ಪಾದಕರ ಸಂಘದ ಕಟ್ಟಡ ಇವು ಮೂರನೆಯ ವರ್ಗ. ಇವನ್ನು ಒಂದಕ್ಕೊಂದು ಬೆರೆಸಿ ಹೇಳುವುದರಿಂದಲೇ ಗೊಂದಲ ಹುಟ್ಟಿದೆ. ಸ್ನಾನದ ನೀರು ಕಾಯಿಸುವ ಸೋಲಾರ್ ಹಾಗೂ ವಿದ್ಯುತ್ ತಯಾರಿಸುವ ಸೋಲಾರ್ ಬೇರೆ ಬೇರೆ. ಇಲ್ಲಿ ಹೇಳುತ್ತಿರುವುದು ವಿದ್ಯುತ್ ತಯಾರಿಸುವ ಫಲಕಗಳ ಬಗ್ಗೆ ಮಾತ್ರ.

ವಾಸದ ಮನೆಗೆ

ಕೇಂದ್ರ ಸರಕಾರವು 2024ರ ಫೆಬ್ರುವರಿಯಲ್ಲಿ "ಪಿಎಂ ಸೂರ್ಯಘರ್ ಮುಫ್ತ್ ಬಿಜಲಿ ಯೋಜನೆ"ಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡು 75,021 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. 2026-27ನೇ ಸಾಲಿನವರೆಗೆ ನಡೆಸಲು ಇದನ್ನು ಮಂಜೂರು ಮಾಡಲಾಗಿದೆ. ಸಹಾಯಧನದ ಪ್ರಮಾಣ ಹೀಗಿದೆ:

1 ಕಿಲೋವ್ಯಾಟ್‌ಗೆ – 30,000 ರೂ.
2 ಕಿಲೋವ್ಯಾಟ್‌ಗೆ – 60,000 ರೂ.
3 ಕಿಲೋವ್ಯಾಟ್ ಹಾಗೂ ಅದಕ್ಕೂ ಹೆಚ್ಚಿಗೆ – 78,000 ರೂ. ಮಾತ್ರ

3 ಕಿಲೋವ್ಯಾಟ್ ಮೇಲೆ ಎಷ್ಟೇ ದೊಡ್ಡದು ಹಾಕಿಸಿದರೂ ಸಹಾಯಧನ ಹೆಚ್ಚುವುದಿಲ್ಲ. ಭಾರತದಲ್ಲಿ ತಯಾರಾದ ಫಲಕಗಳನ್ನೇ ಹಾಕಿಸಬೇಕು. 3 ಕಿಲೋವ್ಯಾಟ್‌ವರೆಗೆ ಯಾವುದೇ ಅಡವಿಲ್ಲದೆ ಕಡಿಮೆ ಬಡ್ಡಿಯ ಬ್ಯಾಂಕ್ ಸಾಲಕ್ಕೂ ಅವಕಾಶವಿದೆ.

ಒಂದು ಕಿಲೋವ್ಯಾಟ್ ಫಲಕಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಮಾಳಿಗೆ ಬೇಕು. ನಮ್ಮ ಭಾಗದ ಬಿಸಿಲಿಗೆ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ಅಂದರೆ ತಿಂಗಳಿಗೆ ಸುಮಾರು 120 ಯೂನಿಟ್ ವಿದ್ಯುತ್ ಕೊಡುತ್ತದೆ. ಹಗಲು ಮನೆಯಲ್ಲಿ ಖರ್ಚಾಗದೆ ಉಳಿದ ವಿದ್ಯುತ್ ತಂತಿಯ ಮೂಲಕ ಹೆಸ್ಕಾಂಗೆ ಹೋಗುತ್ತದೆ, ರಾತ್ರಿ ನಾವು ಅಲ್ಲಿಂದ ಪಡೆಯುತ್ತೇವೆ. ಕೊಟ್ಟದ್ದು, ತೆಗೆದುಕೊಂಡದ್ದು ಎರಡನ್ನೂ ಅಳೆಯುವ ಮೀಟರಿಗೆ ನೆಟ್ ಮೀಟರ್ ಎನ್ನುತ್ತಾರೆ. ಸಂಘದಲ್ಲಿ ಹಾಲು ಹಾಕಿ, ಪಶು ಆಹಾರ ತಂದು, ಕೊನೆಗೆ ಲೆಕ್ಕ ಮುರಿದುಕೊಳ್ಳುವ ಹಾಗೆಯೇ ಇದು.

ಯೋಜನೆಯ ಹೆಸರಿನಲ್ಲಿರುವ "ಮುಫ್ತ್" ಎಂಬ ಮಾತನ್ನು ಸರಿಯಾಗಿ ತಿಳಿಯಬೇಕು. ಸರಕಾರ ತಿಂಗಳಿಗೆ 300 ಯೂನಿಟ್ ಪುಕ್ಕಟೆ ಕಳಿಸುವುದಿಲ್ಲ. ನಮ್ಮ ಹಣವನ್ನೂ ಹಾಕಿ ಕೂಡ್ರಿಸಿದ ಫಲಕಗಳು ಅಷ್ಟು ವಿದ್ಯುತ್ ತಯಾರಿಸಿದರೆ ಅಷ್ಟರ ಬಿಲ್ಲು ತಪ್ಪುತ್ತದೆ, ಇಷ್ಟೇ ಅದರ ಅರ್ಥ.

ಎಲ್ಲರಿಗೂ ಲಾಭವೆ?

ಇಲ್ಲ. ಇದನ್ನು ಮಾರಾಟಗಾರರು ಹೇಳುವುದಿಲ್ಲವಾದ್ದರಿಂದ ನಾನು ಹೇಳಬೇಕಾಗಿದೆ. ರಾಜ್ಯ ಸರಕಾರವು 2023ರ ಜುಲೈ ತಿಂಗಳಿಂದ ಗೃಹಜ್ಯೋತಿ ಯೋಜನೆ ಜಾರಿಗೆ ತಂದಿತು. ಇದರಲ್ಲಿ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗಿದ್ದು, ಗರಿಷ್ಠ ಮಿತಿ 200 ಯೂನಿಟ್. ತಿಂಗಳಿಗೆ 60–70 ಯೂನಿಟ್ ಸುಡುವ, ಶೂನ್ಯ ಬಿಲ್ಲು ಬರುತ್ತಿರುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿತಾಯವಾಗುವುದಾದರೂ ಏನು? ಆ ಹಣದಲ್ಲಿ ಕೊಟ್ಟಿಗೆಗೆ ಗೋದಲಿ ಕಟ್ಟಿಸುವುದು ಅಥವಾ ಒಂದು ಒಳ್ಳೆಯ ಕರು ಸಾಕುವುದು ಮೇಲು.

ಆದರೆ ನಾಲ್ಕಾರು ಮಿಶ್ರತಳಿ ಆಕಳುಗಳಿದ್ದು, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ಫ್ಯಾನು, ಫ್ರಿಜ್ಜು ಎಲ್ಲ ಒಂದೇ ಮೀಟರಿನ ಮೇಲೆ ನಡೆಯುವ ಮನೆಯ ಲೆಕ್ಕ ಬೇರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯಲ್ಲಿ ಇಡೀ ಬಿಲ್ಲನ್ನೇ ಕಟ್ಟಬೇಕು. ಇಂಥ ಮನೆಯಲ್ಲಿ ತಿಂಗಳಿಗೆ 260 ಯೂನಿಟ್ ಬಳಕೆ ಇದೆಯೆಂದು ಇಟ್ಟುಕೊಳ್ಳಿ. 2 ಕಿಲೋವ್ಯಾಟ್ ಫಲಕ 240 ಯೂನಿಟ್ ಕೊಡುತ್ತದೆ. ಯೂನಿಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 1,440, ವರ್ಷಕ್ಕೆ 17,280 ರೂ. ಉಳಿತಾಯ. ಮಾರಾಟಗಾರರು 1,30,000 ರೂ. ಬೆಲೆ ಹೇಳಿದರೆ, 60,000 ಸಹಾಯಧನ ಕಳೆದು ಕೈಯಿಂದ ಹೋಗುವುದು 70,000. ನಾಲ್ಕು ವರ್ಷಕ್ಕೆ ಹಾಕಿದ ಹಣ ಮರಳಿದಂತಾಯಿತು. ಸಾಲ ಮಾಡಿದ್ದರೆ ಬಡ್ಡಿಯಿಂದಾಗಿ ತುಸು ಹೆಚ್ಚು ಕಾಲ ಬೇಕು. ಫಲಕಗಳು 25 ವರ್ಷ ಬಾಳುತ್ತವೆ, ಇನ್ವರ್ಟರನ್ನು ಮಾತ್ರ ನಡುವೆ ಒಮ್ಮೆ ಬದಲಿಸಬೇಕಾದೀತು.

ಬಿಲ್ಲು 210–220 ಯೂನಿಟ್‌ನಲ್ಲಿ ಓಲಾಡುತ್ತಿದ್ದರೆ ಮೊದಲು ಹಳೆಯ ಬಲ್ಬು ತೆಗೆದು ಎಲ್.ಇ.ಡಿ. ಹಾಕಿ, 200ರ ಒಳಗೆ ಬರುವುದೋ ನೋಡಿರಿ. ಕಳೆದ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ, ಸೋಲಾರ್ ಹಾಕಿಸಿದ ಮೇಲೆ ಗೃಹಜ್ಯೋತಿಯ ಲೆಕ್ಕ ಹೇಗೆ ನಡೆಯುತ್ತದೆಂದು ಹೆಸ್ಕಾಂ ಶಾಖಾ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಕರೆಂಟು ಹೋದಾಗ ಏನಾಗುತ್ತದೆ?

ಸಹಾಯಧನದಲ್ಲಿ ಸಾಮಾನ್ಯವಾಗಿ ಹಾಕುವುದು ತಂತಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ವ್ಯವಸ್ಥೆ. ಹೆಸ್ಕಾಂ ವಿದ್ಯುತ್ ಹೋದ ಕೂಡಲೆ ಇದೂ ತಾನಾಗಿಯೇ ನಿಲ್ಲುತ್ತದೆ. ಲೈನ್‌ಮನ್ ಕಂಬ ಹತ್ತಿದ್ದಾಗ ನಮ್ಮ ಮಾಳಿಗೆಯ ವಿದ್ಯುತ್ ಅವರ ಕೈಗೆ ತಗುಲಬಾರದೆಂದು ಈ ಏರ್ಪಾಡು. ಇದು ತಿಳಿಯದೆ ಸದಸ್ಯರೊಬ್ಬರು, "ಬಿಸಿಲು ಹೊಡದೈತಿ, ಮಿಷನ್ ಯಾಕ ತಿರಗವಲ್ದು?" ಎಂದು ಮಾರಾಟಗಾರರ ಮೇಲೆ ಜಗಳಕ್ಕೆ ಹೋಗಿದ್ದರು. ಕರೆಂಟು ಹೋದಾಗಲೂ ನಡೆಯಬೇಕೆಂದರೆ ಬ್ಯಾಟರಿ ಹಾಗೂ ಅದಕ್ಕೆ ಹೊಂದುವ ಇನ್ವರ್ಟರ್ ಬೇಕು. ಬ್ಯಾಟರಿಯ ಖರ್ಚಿಗೆ ಈ ಯೋಜನೆಯಲ್ಲಿ ಸಹಾಯಧನವಿಲ್ಲ.

ಹೊಲದ ಪಂಪಿಗೆ

ಹೊಲಕ್ಕೆ ಇರುವುದು 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆ. ಇದರ "ಬಿ" ಭಾಗದಲ್ಲಿ ವಿದ್ಯುತ್ ತಂತಿಯ ಹಂಗಿಲ್ಲದ ಸೌರ ಪಂಪು ಕೊಡಲಾಗುತ್ತದೆ. ಮೂಲ ಯೋಜನೆಯಲ್ಲಿ ಕೇಂದ್ರ 30, ರಾಜ್ಯ 30, ರೈತ 40 ಭಾಗ ಹಾಕಬೇಕಿತ್ತು. ಕರ್ನಾಟಕ ಸರಕಾರ ತನ್ನ ಪಾಲನ್ನು ಶೇಕಡಾ 50ಕ್ಕೆ ಏರಿಸಿದ್ದರಿಂದ ರೈತನ ಪಾಲು ಶೇಕಡಾ 20ಕ್ಕೆ ಇಳಿಯಿತು. ರಾಜ್ಯದಲ್ಲಿ ಇದರ ಅರ್ಜಿಗಳನ್ನು "ಸೌರ ಮಿತ್ರ" ಜಾಲತಾಣದ ಮೂಲಕ ಪಡೆಯಲಾಗಿದೆ. ಕುಸುಮ್ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಗಿತ್ತು. ಆದ್ದರಿಂದ ಹೊಸದಾಗಿ ಅರ್ಜಿ ಹಾಕುವವರು ಈಗಿನ ಸ್ಥಿತಿಯನ್ನು ಹೆಸ್ಕಾಂ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಹಣ ಹೊಂದಿಸಿಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ವಿದ್ಯುತ್ ಉಚಿತವಿದೆ. ಆದ್ದರಿಂದ ಆಗಲೇ ಸಂಪರ್ಕ ಇದ್ದವರಿಗೆ ಬಿಲ್ಲಿನ ಉಳಿತಾಯವೇನೂ ಇಲ್ಲ. ಸೌರ ಪಂಪಿನ ನಿಜವಾದ ಪ್ರಯೋಜನ ವಿದ್ಯುತ್ ಮಾರ್ಗದಿಂದ ದೂರವಿರುವ, ಕಂಬ ಹಾಕಿಸಲು ಹಣವಿಲ್ಲದ ಹೊಲಗಳಿಗೆ. ರಾತ್ರಿ ಪಾಳಿಯಲ್ಲಿ ಕಬ್ಬಿಗೆ ನೀರು ಬಿಡಲು ಹೋಗಿ ಹಾವು ಕಚ್ಚಿಸಿಕೊಳ್ಳುವ ಭಯವೂ ತಪ್ಪುತ್ತದೆ.

ಹೈನುಗಾರರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಪಂಪು ವರ್ಷದಲ್ಲಿ ಎಷ್ಟೋ ದಿನ ಖಾಲಿ ನಿಂತಿರುತ್ತದೆ. "ಯೂನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್" ಎಂಬ ಪೆಟ್ಟಿಗೆ ಇದ್ದರೆ ಅದೇ ಫಲಕಗಳಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿಗಳನ್ನು ಹಗಲು ನಡೆಸಬಹುದು. ಅರ್ಜಿ ಹಾಕುವಾಗಲೇ ಇದು ಸಿಗುವುದೇ ಎಂದು ಕೇಳಿರಿ. ಹೊಲದಲ್ಲಿ ದನ ಕಟ್ಟುವವರು ಒಂದು ಸಣ್ಣ ನೀರಿನ ತೊಟ್ಟಿಯನ್ನೂ ಕಟ್ಟಿಸಿಕೊಳ್ಳಿ. ಒಂದು ಲೀಟರ್ ಹಾಲು ತಯಾರಾಗಲು ಆಕಳಿಗೆ ನಾಲ್ಕೈದು ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಮೊದಲು ಇಳಿಯುವುದು ಹಾಲು.

ಸಂಘದ ಕಟ್ಟಡ, ಅಂಗಡಿ, ಗಿರಣಿಗೆ

ಸೂರ್ಯಘರ್ ಸಹಾಯಧನ ವಾಸದ ಮನೆಗಳಿಗೆ ಮಾತ್ರ. ಸಂಘದ ಕಟ್ಟಡಕ್ಕಾಗಲಿ, ಅಂಗಡಿಗಾಗಲಿ ಅದು ದೊರೆಯುವುದಿಲ್ಲ. ಕಾರ್ಯದರ್ಶಿಯ ಮನೆಯ ಮೀಟರು ತೋರಿಸಿ ಸಂಘಕ್ಕೆ ಹಾಕಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿರಿ; ಲೆಕ್ಕಪರಿಶೋಧನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಆದಾಯ ತೆರಿಗೆ ಕಟ್ಟುವ ವ್ಯಾಪಾರಸ್ಥರಿಗೆ ಸೋಲಾರ್ ಉಪಕರಣದ ಮೇಲೆ ಹೆಚ್ಚಿನ ಸವಕಳಿ ತೋರಿಸುವ ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದದ್ದು ಎಲ್ಲರಿಗೂ ಅನುಕೂಲ.

ಸಹಾಯಧನವಿಲ್ಲದಿದ್ದರೂ ಹಾಲು ಶೀತಲೀಕರಣ ಘಟಕ ಇರುವ ಸಂಘಗಳು ಲೆಕ್ಕ ಹಾಕಿ ನೋಡಬೇಕು. ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 15ರಿಂದ 20 ಯೂನಿಟ್ ಬೇಕು. ತಿಂಗಳಿಗೆ ಇದು 450ರಿಂದ 600 ಯೂನಿಟ್. 5 ಕಿಲೋವ್ಯಾಟ್ ಫಲಕ ಸುಮಾರು ಇಷ್ಟೇ ಕೊಡುತ್ತದೆ. ಆದರೆ ಹಾಲು ಬರುವುದು ಬೆಳಗ್ಗೆ, ಸಂಜೆ. ಬಿಸಿಲು ಇರುವುದು ನಡುಹಗಲು. ಆದ್ದರಿಂದ ಹೆಸ್ಕಾಂಗೆ ಕೊಟ್ಟ ಯೂನಿಟ್ಟಿಗೆ ಯಾವ ದರದಲ್ಲಿ ಲೆಕ್ಕ ಹಿಡಿಯುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆದ ನಂತರವೇ ಆಡಳಿತ ಮಂಡಳಿ ಠರಾವು ಮಾಡಬೇಕು. ಕರೆಂಟು ಹೋದಾಗ ಸೋಲಾರೂ ನಿಲ್ಲುವುದರಿಂದ ಜನರೇಟರನ್ನು ಮಾರಬಾರದು. ಬಿಸಿ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಅರ್ಧ ತಾಸಿಗೆ ಇಮ್ಮಡಿಯಾಗುತ್ತವೆ. ಅವು ಕರೆಂಟಿಗಾಗಿ ಕಾಯುವುದಿಲ್ಲ.

ಸಹಕಾರದಿಂದ ಸೌರವಿದ್ಯುತ್ ಸಾಧ್ಯವೆಂಬುದಕ್ಕೆ ಹಾಲಿನ ನಾಡಾದ ಗುಜರಾತಿನಲ್ಲೇ ಉದಾಹರಣೆಗಳಿವೆ. ಖೇಡಾ ಜಿಲ್ಲೆಯ ಢುಂಡಿ ಗ್ರಾಮದ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿಕೊಂಡು 2016ರಿಂದ ನೀರಾವರಿಗೆ ಬಳಸಿ ಉಳಿದ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರಿದರು. ಆಣಂದ ಜಿಲ್ಲೆಯ ಮುಜ್ಕುವಾದಲ್ಲಿ 2018ರಲ್ಲಿ 11 ರೈತರು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಇದೇ ಮಾದರಿಯನ್ನು ಅನುಸರಿಸಿದರು.

ಕೊಟ್ಟಿಗೆಯ ಮೇಲೆ ಹಾಕಿಸುವವರಿಗೆ ಎಚ್ಚರಿಕೆ

ತಗಡಿನ ಕೊಟ್ಟಿಗೆಯ ಮೇಲೆ ಫಲಕ ಕೂಡ್ರಿಸಿದರೆ ತಗಡಿಗೆ ನೆರಳಾಗಿ ಒಳಗಿನ ಬಿಸಿ ತಗ್ಗುತ್ತದೆ, ಎಚ್.ಎಫ್. ಆಕಳುಗಳಿಗೆ ಇದು ಹಿತ. ಆದರೆ ಗಾಳಿ ಮಳೆಯ ಹೊಡೆತ ತಡೆಯುವಷ್ಟು ಕಂಬ, ತೊಲೆಗಳು ಗಟ್ಟಿ ಇರಬೇಕು.

ವಿದ್ಯುತ್ ವಿಷಯದಲ್ಲಿ ದನಗಳು ನಮಗಿಂತ ಸೂಕ್ಷ್ಮ. ಕಾಲಿಗೆ ಚಪ್ಪಲಿ ಇಲ್ಲ, ನಿಂತಲ್ಲಿ ಗಂಜಲದ ಹಸಿ, ಮುಂಗಾಲು ಹಿಂಗಾಲುಗಳ ನಡುವೆ ದೂರ ಹೆಚ್ಚು. ಮನುಷ್ಯನಿಗೆ ಜುಮ್ಮೆನ್ನುವ ವಿದ್ಯುತ್ತಿಗೆ ಎಮ್ಮೆ ಸತ್ತೇ ಹೋಗಬಹುದು. ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಸುಲಿದ ವೈರ್ ತಗುಲಿ ಸತ್ತ ಎಮ್ಮೆಯ ಮರಣೋತ್ತರ ಪರೀಕ್ಷೆ ಮಾಡಿ ಬಂದ ದಿನ ಆ ತಾಯಿಯ ಮುಖ ನೋಡಲು ನನಗೆ ಆಗಿರಲಿಲ್ಲ. ಆದ್ದರಿಂದ ಫಲಕದ ವೈರುಗಳನ್ನು ಪೈಪಿನೊಳಗೆ, ದನದ ಬಾಯಿ ಕೊಂಬುಗಳಿಗೆ ಸಿಗದಂತೆ ಹಾಕಿಸಿರಿ. ಅರ್ಥಿಂಗ್ ಹಾಗೂ ಸಿಡಿಲು ತಡೆ ಇಲ್ಲದ ಕೆಲಸಕ್ಕೆ ಪೂರ್ತಿ ಹಣ ಕೊಡಬೇಡಿರಿ. ಆಕಳು ಒಮ್ಮೆಲೆ ಹಾಲು ತೊರೆಯದೆ, ನೀರು ಕುಡಿಯಲು ಹಿಂಜರಿಯತೊಡಗಿದರೆ ತೊಟ್ಟಿಗೆ, ಕಂಬಕ್ಕೆ ವಿದ್ಯುತ್ ಇಳಿದಿದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಿರಿ.

ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟ ಕರಿ ಬೂದಿ ಫಲಕಗಳ ಮೇಲೆ ಕೂಡ್ರುತ್ತದೆ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಮೆತ್ತನೆ ಅರಿವೆಯಿಂದ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಮನೆಯ ಸೋಲಾರ್‌ಗೆ ಅರ್ಜಿ ಹಾಕುವ ಕ್ರಮ

1. ಮೀಟರು ಯಾರ ಹೆಸರಿನಲ್ಲಿದೆ ನೋಡಿರಿ. ತೀರಿಹೋದ ತಂದೆ, ಅಜ್ಜಂದಿರ ಹೆಸರಿನಲ್ಲಿದ್ದರೆ ಮೊದಲು ಹೆಸ್ಕಾಂನಲ್ಲಿ ಹೆಸರು ಬದಲಿಸಿಕೊಳ್ಳಿ. ನಮ್ಮ ಸದಸ್ಯರ ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಲ್ಲಿಯೇ.
2. ಪಿಎಂ ಸೂರ್ಯಘರ್ ಸರಕಾರಿ ಜಾಲತಾಣದಲ್ಲಿ ವಿದ್ಯುತ್ ಬಿಲ್ಲಿನ ಗ್ರಾಹಕ ಸಂಖ್ಯೆ ಕೊಟ್ಟು ನೋಂದಾಯಿಸಿರಿ. ಮಕ್ಕಳ ನೆರವು ಪಡೆಯಿರಿ.
3. ಜಾಲತಾಣದ ಪಟ್ಟಿಯಲ್ಲಿರುವ ಮಾರಾಟಗಾರರಲ್ಲಿ ಕನಿಷ್ಠ ಇಬ್ಬರಿಂದ ಲಿಖಿತ ದರ ಪಡೆಯಿರಿ. ಪಟ್ಟಿಯಲ್ಲಿ ಇಲ್ಲದವರಿಂದ ಹಾಕಿಸಿದರೆ ಸಹಾಯಧನವಿಲ್ಲ.
4. ಫಲಕ ಕೂಡ್ರಿಸಿದ ಮೇಲೆ ನೆಟ್ ಮೀಟರಿಗೆ ಅರ್ಜಿ ಹಾಕಬೇಕು. ಹೆಸ್ಕಾಂ ಪರಿಶೀಲಿಸಿ ಚಾಲನೆಯ ವರದಿ ಕೊಡುತ್ತದೆ.
5. ನಂತರ ಬ್ಯಾಂಕ್ ಖಾತೆಯ ವಿವರ ಕೊಟ್ಟರೆ ಸಹಾಯಧನ ನೇರವಾಗಿ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಮೊದಲೇ ಸಿಗುವುದಿಲ್ಲ, ಆದ್ದರಿಂದ ಪೂರ್ತಿ ಹಣ ಅಥವಾ ಸಾಲದ ವ್ಯವಸ್ಥೆ ಮಾಡಿಕೊಂಡೇ ಕೆಲಸ ಹಿಡಿಯಿರಿ.

ಮೊಬೈಲಿಗೆ ಬರುವ ಕೊಂಡಿ ಒತ್ತಬೇಡಿರಿ, ಓ.ಟಿ.ಪಿ. ಹೇಳಬೇಡಿರಿ. ಕುಸುಮ್ ಹೆಸರಿನಲ್ಲಿ ನಕಲಿ ಜಾಲತಾಣಗಳು ನೋಂದಣಿ ಶುಲ್ಕ ವಸೂಲಿ ಮಾಡುತ್ತಿವೆಯೆಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಹಲವು ಸಲ ಎಚ್ಚರಿಸಿದೆ.

ಮೊದಲು ಹೇಳಿದ ಹಿರಿಯ ಸದಸ್ಯರು ಬಿಲ್ಲುಗಳನ್ನು ತಂದು ತೋರಿಸಿದಾಗ ಅವರ ಬಳಕೆ ತಿಂಗಳಿಗೆ 85 ಯೂನಿಟ್ ದಾಟಿರಲಿಲ್ಲ. "ನಿಮಗ ಸದ್ಯ ಬ್ಯಾಡ್ರಿ ಯಜಮಾನ್ರ" ಎಂದೆ. ಅವರ ತಮ್ಮನ ಮನೆಯಲ್ಲಿ ಆರು ಆಕಳು, 270 ಯೂನಿಟ್. ಅವರಿಗೆ ಹಾಕಿಸಲು ಹೇಳಿದೆ. ಅಣ್ಣ ತಮ್ಮಂದಿರು ಒಂದೇ ಓಣಿಯವರಾದರೂ ಲೆಕ್ಕ ಒಂದೇ ಅಲ್ಲ. ಸದಸ್ಯರು ನೆರೆಯವರ ಮಾಳಿಗೆ ನೋಡದೆ ತಮ್ಮ ಮನೆಯ ಬಿಲ್ಲು ನೋಡಿ ತೀರ್ಮಾನಿಸಬೇಕೆಂದು ಕೋರುತ್ತೇನೆ. ಸಂಶಯವಿದ್ದವರು ಶಿಬಿರದ ದಿನ ರಾಸುಗಳ ಜೊತೆಗೆ ಬಿಲ್ಲುಗಳನ್ನೂ ತರಬಹುದು.