ಅಂಗಡಿಯ ಅಂತಃಕರಣ

ವ್ಯಾಪಾರವೆಂದರೆ ಕೊಡುವ ಕೊಳ್ಳುವ ವ್ಯವಹಾರ; ಕೊಟ್ಟ ಪದಾರ್ಥಕ್ಕೆ ಬೆಲೆ ಬಂದೊಡನೆ ಅದು ಮುಗಿಯಿತು ಎಂಬುದು ಸಾಮಾನ್ಯ ತಿಳಿವಳಿಕೆ. ಶಾಸ್ತ್ರದೃಷ್ಟಿಯಿಂದ ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡ ನಾಡಿನ ಸಣ್ಣ ಪಟ್ಟಣವೊಂದರ ಕಿರಾಣಿ ಅಂಗಡಿಯ ಮುಂದೆ ಅರ್ಧ ತಾಸು ನಿಂತು ನೋಡಿದವರಿಗೆ ಈ ವ್ಯಾಖ್ಯೆ ಸಾಲದೆಂಬುದು ಮನವರಿಕೆಯಾಗದೆ ಇರದು. ಅಲ್ಲಿ ಸಕ್ಕರೆ ಬೇಳೆಗಳ ತೂಕದೊಡನೆ ಮನೆಯವರ ಕ್ಷೇಮಸಮಾಚಾರದ ವಿನಿಮಯವೂ ನಡೆಯುತ್ತದೆ. ಹಣ ಕೈ ಸೇರಿದ ಮೇಲೂ ಏನೋ ಒಂದು ಉಳಿದುಕೊಳ್ಳುತ್ತದೆ. ಹಾಗೆ ಉಳಿಯುವುದೇನು, ಅದು ನಿಂತಿರುವುದು ಯಾವ ಆಧಾರದ ಮೇಲೆ, ಅದಕ್ಕೆ ಒದಗಬಹುದಾದ ಕೇಡು ಯಾವುದು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮೊದಲು ಭಾಷೆಯನ್ನೇ ಪರಿಶೀಲಿಸಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಒಂದು ಮನೆಗೆ ದಿನವೂ ತಪ್ಪದೆ ಹಾಲು ಮೊಸರು ಹಾಕುವ ಏರ್ಪಾಡಿಗೆ 'ವರ್ತನೆ' ಎಂದು ಹೆಸರು. ನಡತೆ ಎಂಬ ಅರ್ಥವುಳ್ಳ ಶಬ್ದವೇ ನಿತ್ಯದ ಸರಬರಾಜಿಗೂ ಸಂದಿರುವುದು ಅರ್ಥಪೂರ್ಣವಾಗಿದೆ. ಅಳತೆ ಪೂರೈಸಿದ ಮೇಲೆ ಪ್ರೀತಿಯಿಂದ ಸೇರಿಸುವ ಒಂದು ಹಿಡಿಗೆ 'ಕೊಸರು' ಎನ್ನುತ್ತಾರೆ. ದಿನದ ಮೊದಲ ಮಾರಾಟ 'ಬೋಣಿ'. ಧಾನ್ಯವನ್ನು ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ತೊಡಗುವ ರೂಢಿ ಇಂದಿಗೂ ಹಲವೆಡೆ ಉಂಟು. ಈ ಲಾಭವೆಂಬುದು ಅಳೆಯುವವನಿಗಷ್ಟೇ ಸಲ್ಲುವ ಹಾರೈಕೆಯಲ್ಲ; ಧಾನ್ಯವನ್ನು ಮಡಿಲಲ್ಲಿ ಹಾಕಿಸಿಕೊಳ್ಳುವವಳೂ ಆ ಮಾತನ್ನು ಶುಭವೆಂದೇ ಕೇಳುತ್ತಾಳೆ. ಒಟ್ಟಿನಲ್ಲಿ, ಅಂಗಡಿಯ ನುಡಿಗಟ್ಟಿನಲ್ಲಿ ಲೆಕ್ಕವೂ ಲೆಕ್ಕಕ್ಕೆ ಮೀರಿದುದೂ ಜೊತೆಜೊತೆಯಾಗಿ ನಿಂತಿವೆ.

ಕರ್ನಾಟಕದ ವಣಿಕ ಪರಂಪರೆ ಪ್ರಾಚೀನವಾದುದು. ಐಹೊಳೆಯನ್ನು ಮೂಲಸ್ಥಾನವಾಗಿ ಹೇಳಿಕೊಂಡ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕಸಂಘದ ಶಾಸನಗಳು ಕನ್ನಡ ನಾಡಿನಲ್ಲಲ್ಲದೆ ತಮಿಳು ನಾಡಿನಲ್ಲೂ ದೊರೆತಿವೆ. ತಮ್ಮ ನಡವಳಿಕೆಯ ಕಟ್ಟಳೆಯನ್ನು ಅವರು 'ವೀರಬಣಂಜು ಧರ್ಮ'ವೆಂದು ಕರೆದುಕೊಂಡರು. ವ್ಯಾಪಾರಕ್ಕೂ ಒಂದು ಧರ್ಮವುಂಟೆಂಬ ಭಾವನೆ ಈ ಹೆಸರಿನಲ್ಲಿಯೇ ವ್ಯಕ್ತವಾಗಿದೆ. ಸೌರಾಷ್ಟ್ರದಿಂದ ವ್ಯಾಪಾರಾರ್ಥವಾಗಿ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಬಂದು ನೆಲಸಿದ ಶರಣ ಆದಯ್ಯನು ವಚನಕಾರನಾಗಿ ಪ್ರಸಿದ್ಧನಾಗಿದ್ದಾನೆ. ಅವನ ಕಥೆಯನ್ನೇ ರಾಘವಾಂಕನು 'ಸೋಮನಾಥ ಚರಿತ್ರೆ'ಯ ವಸ್ತುವಾಗಿ ಆರಿಸಿಕೊಂಡನು. ಆದರೆ ದೂರದೇಶದ ವರ್ತಕರ ವಿಚಾರ ಬೇರೆ, ಒಂದು ಓಣಿಯ ನಾಲ್ವತ್ತು ಮನೆಗಳನ್ನು ನಂಬಿ ಕುಳಿತ ಚಿಲ್ಲರೆ ಅಂಗಡಿಯವನ ವಿಚಾರ ಬೇರೆ. ದೊಡ್ಡ ವರ್ತಕನು ಒಂದು ಊರಿನಲ್ಲಿ ಹೆಸರು ಕೆಟ್ಟರೆ ಮತ್ತೊಂದು ಊರಿಗೆ ಹೋಗಬಲ್ಲನು. ಚಿಲ್ಲರೆ ಅಂಗಡಿಯವನಿಗೆ ಆ ದಾರಿಯಿಲ್ಲ. ಇಂದು ತೂಕದಲ್ಲಿ ಮೋಸ ಮಾಡಿದವನು ನಾಳೆ ಅದೇ ಮುಖವನ್ನು ಜಾತ್ರೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ನೋಡಬೇಕು. ಈ ಅನಿವಾರ್ಯವಾದ ಸಾಮೀಪ್ಯವೇ ಬಾಂಧವ್ಯಕ್ಕೆ ಮೊದಲ ಕಾರಣ.

ಎರಡನೆಯ ಕಾರಣ ನೆನಪು. ಯಾವ ಮನೆಗೆ ಯಾವ ಅಕ್ಕಿ ಒಗ್ಗುತ್ತದೆ, ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರಿಗೆ ಸಕ್ಕರೆ ವರ್ಜ್ಯವೆಂದು ವೈದ್ಯರು ಹೇಳಿದ್ದಾರೆ ಎಂಬುದೆಲ್ಲ ಅಂಗಡಿಯವನಿಗೆ ಗೊತ್ತು. ಚೀಟಿ ಹಿಡಿದು ಬಂದ ಬಾಲಕನು ಚೀಟಿ ಕಳೆದುಕೊಂಡರೂ ಸಾಮಾನು ತಪ್ಪುವುದಿಲ್ಲ. ಉತ್ತರ ಕರ್ನಾಟಕದ ಅಂಗಡಿಗಳಲ್ಲಿ "ಅಕ್ಕಾರ, ಈ ಸಲ ಬ್ಯಾಳಿ ಚಲೋ ಬಂದಿಲ್ಲ, ಮುಂದಿನ ವಾರ ಒಯ್ಯಿರಿ" ಎಂಬ ಮಾತು ಅಪರೂಪವಲ್ಲ. ಕೊಳ್ಳಲು ಬಂದವರನ್ನು ಕೊಳ್ಳಬೇಡಿರೆಂದು ತಡೆಯುವ ಈ ಮಾತಿನಿಂದ ಅಂದಿನ ಲಾಭ ತಪ್ಪುತ್ತದೆ. ಆದರೆ ಹತ್ತು ವರ್ಷಗಳ ವಿಶ್ವಾಸ ಗಟ್ಟಿಯಾಗುತ್ತದೆ. ಇದರಲ್ಲಿ ವ್ಯಾಪಾರದ ಜಾಣ್ಮೆಯೆಷ್ಟು, ಅಂತಃಕರಣವೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಆ ಅಂಗಡಿಯವನಿಗೂ ಅದು ತಿಳಿದಿರಲಾರದು.

ಈ ವಿಶ್ವಾಸಕ್ಕೆ ದೊಡ್ಡ ಪರೀಕ್ಷೆಯೊಂದು ಸ್ವಾತಂತ್ರ್ಯಾನಂತರ ಒದಗಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು, 16 ಆಣೆಗಳ ರೂಪಾಯಿ 100 ನಯಾ ಪೈಸೆಗಳ ರೂಪಾಯಿಯಾಯಿತು. ನಾಲ್ಕು ಆಣೆಗೆ 25 ಪೈಸೆಯೆಂಬುದು ಸುಲಭವಾಗಿದ್ದರೂ ಒಂದು ಆಣೆಗೆ ಆರೂಕಾಲು ಪೈಸೆಯೆಂಬ ಲೆಕ್ಕ ಅಕ್ಷರ ತಿಳಿಯದವರಿಗೆ ಬಗೆಹರಿಯುವಂಥದಾಗಿರಲಿಲ್ಲ. ಅದರ ಬೆನ್ನಿಗೇ, 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ, ಸೇರು ಮಣಗಳ ಸ್ಥಾನಕ್ಕೆ ಕಿಲೋಗ್ರಾಂ ಲೀಟರುಗಳು ಬಂದು 1960ರ ದಶಕದ ಆರಂಭದ ಹೊತ್ತಿಗೆ ಕಡ್ಡಾಯವಾದವು. ನಾಣ್ಯ, ತೂಕ, ಅಳತೆ ಮೂರೂ ಕೆಲವೇ ವರ್ಷಗಳಲ್ಲಿ ಬದಲಾದಾಗ ಸಾಮಾನ್ಯ ಜನ ನೆಚ್ಚಿದ್ದು ಪರಿಚಿತವಾದ ಮುಖವನ್ನು. ಬದಲಾಗದೆ ಉಳಿದ ಅಳತೆಗೋಲೆಂದರೆ ತಕ್ಕಡಿ ಹಿಡಿದವನ ನಡತೆಯೊಂದೇ ಆಗಿತ್ತು.

ಕೊಸರಿನ ಸ್ವರೂಪವೂ ಆಗಲೇ ಬದಲಾಗತೊಡಗಿತು. ಸೇರಿನ ಬಾಯಿಯ ಮೇಲೆ ರಾಶಿಯಾಗಿ ನಿಂತ ಕಾಳು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತಕ್ಕಡಿಯ ತಟ್ಟೆ ಬೆರಳಷ್ಟು ಕೆಳಗಿಳಿದದ್ದು ನೋಡಬಲ್ಲವರಿಗೆ ಮಾತ್ರ ಕಾಣುತ್ತದೆ. ಮುಂದೆ 1977ರ ಪೊಟ್ಟಣ ಸರಕುಗಳ ನಿಯಮಗಳು ಬಂದು, ಪೊಟ್ಟಣದ ಮೇಲೆ ತೂಕ ಬೆಲೆಗಳನ್ನು ಮುದ್ರಿಸುವುದು ಕಡ್ಡಾಯವಾಯಿತು. ಕೊಳ್ಳುವವರಿಗೆ ಇದರಿಂದ ರಕ್ಷಣೆ ದೊರೆಯಿತೆಂಬುದು ನಿರ್ವಿವಾದ. ಆದರೆ ಮೊಹರು ಹಾಕಿದ ಪೊಟ್ಟಣಕ್ಕೆ ಒಂದು ಹಿಡಿ ಸೇರಿಸುವ ಅವಕಾಶವಿಲ್ಲ. ಇಂದು ಕೊಸರು ಉಳಿದಿರುವುದು ಕೊತ್ತಂಬರಿ ಕರಿಬೇವುಗಳಲ್ಲಿ, ಮಕ್ಕಳ ಕೈಗೆ ಹಾಕುವ ಬೆಲ್ಲದ ಚೂರಿನಲ್ಲಿ, ಪುಠಾಣಿಯ ನಾಲ್ಕು ಕಾಳಿನಲ್ಲಿ. ಕೊಸರು ದಾನವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ದಾನದಲ್ಲಿ ಪಡೆಯುವವನ ಕೈ ಕೆಳಗಿರುತ್ತದೆ. ಕೊಸರನ್ನು ಗಿರಾಕಿ ಹಕ್ಕಿನಿಂದಲೇ ಕೇಳಿ ಪಡೆಯುತ್ತಾನೆ, ಕೊಡದಿದ್ದರೆ ಮುನಿಸಿಕೊಳ್ಳುತ್ತಾನೆ.

ಬಾಂಧವ್ಯದ ನಿಜವಾದ ನಿಕಷವೆಂದರೆ ಉದ್ರಿ. 'ಇಂದು ರೋಖ, ನಾಳೆ ಉದ್ರಿ' ಎಂಬ ಫಲಕ ಅಂಗಡಿಯ ಗೋಡೆಯ ಮೇಲಿರುತ್ತದೆ. ಅದರ ಕೆಳಗೆ ಕುಳಿತೇ ಮಾಲೀಕನು ಉದ್ರಿ ಬರೆದುಕೊಳ್ಳುತ್ತಿರುತ್ತಾನೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಹಸಿವು ದಿನವೂ ಬರುತ್ತದೆ. ಆದಾಯ ದಿನವೂ ಬರುವುದಿಲ್ಲ. ಒಕ್ಕಲಿಗನಿಗೆ ಸುಗ್ಗಿಯಲ್ಲಿ, ಇಳಕಲ್ಲು ಗುಳೇದಗುಡ್ಡಗಳಂಥ ನೇಕಾರಿಕೆಯ ಊರುಗಳಲ್ಲಿ ಮಗ್ಗದ ಮಜೂರಿ ಬಟವಾಡೆಯಾದಾಗ, ನೌಕರನಿಗೆ ತಿಂಗಳ ಮೊದಲಲ್ಲಿ ಹಣ ಕೈಗೆ ಬರುತ್ತದೆ. ಈ ನಡುವಣ ಅಂತರವನ್ನು ತುಂಬುವುದು ಅಂಗಡಿಯವನ ಖಾತೆ. ಅವನು ಮಾರುವ ಪದಾರ್ಥಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕಾಲಾವಕಾಶ. ಅದರ ಬೆಲೆಯನ್ನು ಮಾತ್ರ ಅವನು ಎಲ್ಲಿಯೂ ಬರೆದಿಡುವುದಿಲ್ಲ.

ಈ ಖಾತೆಗೆ ಕಾನೂನಿನ ಬಲವೆಷ್ಟೆಂದು ನೋಡಿದರೆ ಆಶ್ಚರ್ಯವಾಗುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 34ನೆಯ ಪ್ರಕರಣದ ಪ್ರಕಾರ, ಕ್ರಮವಾಗಿ ಇರಿಸಿದ ಲೆಕ್ಕದ ಪುಸ್ತಕದ ನಮೂದು ಪ್ರಸ್ತುತವಾದ ಸಾಕ್ಷ್ಯವೇ ಆದರೂ, ಅದೊಂದರಿಂದಲೇ ಯಾರನ್ನೂ ಸಾಲಕ್ಕೆ ಹೊಣೆ ಮಾಡಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವ ಮುಂದುವರಿದಿದೆ. ಅಲ್ಲದೆ 1963ರ ಕಾಲಮಿತಿ ಅಧಿನಿಯಮದಂತೆ, ಗಡುವು ಗೊತ್ತುಪಡಿಸದೆ ಕೊಟ್ಟ ಸರಕಿನ ಬೆಲೆಗಾಗಿ ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ ಮೂರು ವರ್ಷ ಮಾತ್ರ. ಹೀಗಿರಲಾಗಿ, ಸಹಿಯಿಲ್ಲದ, ಸಾಕ್ಷಿಯಿಲ್ಲದ ಆ ಸಾಲುಗಳನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುವ ಚಿಲ್ಲರೆ ವ್ಯಾಪಾರಿ ವಿರಳ. ಆದರೂ ತಂದೆಯ ಬಾಕಿಯನ್ನು ಮಗನು ಎಷ್ಟೋ ವರ್ಷಗಳ ಮೇಲೆ ಬಂದು ತೀರಿಸುವುದುಂಟು. ಅವನನ್ನು ಅಲ್ಲಿಗೆ ಕರೆತಂದದ್ದು ಶಾಸನದ ಭಯವಲ್ಲ. ತಂದೆಯ ಹೆಸರು ಆ ಪುಟದಲ್ಲಿ ಹಾಗೆಯೇ ಉಳಿಯಬಾರದೆಂಬ ತಳಮಳ.

ಇಲ್ಲಿ ಬಾಂಧವ್ಯದ ತಿರುಳು ಗೋಚರವಾಗುತ್ತದೆ. ಅದು ಪರಸ್ಪರರ ಮರ್ಯಾದೆಯನ್ನು ಕಾಯುವ ಒಪ್ಪಂದ. ಸೂಕ್ಷ್ಮಮತಿಯಾದ ಅಂಗಡಿಯವನು ನಾಲ್ಕು ಜನರೆದುರಿಗೆ ಬಾಕಿಯ ಮಾತೆತ್ತುವುದಿಲ್ಲ. "ಲೆಕ್ಕ ಒಮ್ಮೆ ನೋಡೂಣು ಬರ್ರಿ" ಎಂದಷ್ಟೇ ಹೇಳುತ್ತಾನೆ. ಕೇಳಿದವನಿಗೆ ಅರ್ಥವಾಗುತ್ತದೆ, ಪಕ್ಕದಲ್ಲಿ ನಿಂತವರಿಗೆ ಆಗುವುದಿಲ್ಲ. ಸಾವಾದ ಮನೆಗೆ ಮೊದಲು ಹೋಗಿ ಬರುತ್ತಾನೆ, ದುಃಖದ ದಿನಗಳು ಕಳೆಯುವವರೆಗೆ ಲೆಕ್ಕದ ಸುದ್ದಿ ತೆಗೆಯುವುದಿಲ್ಲ. ಗಿರಾಕಿಗೂ ಅವನದೇ ಆದ ಕರ್ತವ್ಯವಿದೆ. ಪೂರ್ತಿ ಕೊಡಲಾಗದಿದ್ದರೂ ಹಬ್ಬಕ್ಕೆ ಮುನ್ನ ಒಂದಿಷ್ಟು ಕೊಟ್ಟು ಮುಖ ತೋರಿಸಬೇಕು. ಉದ್ರಿಯನ್ನು ಒಂದು ಅಂಗಡಿಯಲ್ಲಿ ಬೆಳೆಯಗೊಟ್ಟು ರೋಖ ಖರೀದಿಗೆ ಇನ್ನೊಂದು ಅಂಗಡಿಗೆ ಹೋಗಬಾರದು. ಬಾಕಿ ಬೆಳೆದವನು ಆ ಓಣಿಯನ್ನು ತಪ್ಪಿಸಿ ಸುತ್ತಿ ಮನೆಗೆ ಹೋಗುವುದನ್ನು ಎಲ್ಲ ಊರುಗಳಲ್ಲೂ ಕಾಣಬಹುದು. ಹಾಗೆ ಸುತ್ತಿ ಹೋಗುವವನು ಕೃತಘ್ನನಲ್ಲ. ಅವನಿಗೆ ಸಂಬಂಧದ ಬೆಲೆ ಗೊತ್ತಿರುವುದರಿಂದಲೇ ಎದುರು ಬರಲು ನಾಚುತ್ತಾನೆ. ಅದನ್ನು ಬಲ್ಲ ಅಂಗಡಿಯವನು ಮಕ್ಕಳ ಕೈಯಲ್ಲಿ "ಅಪ್ಪಗ ಬಾ ಅಂತ ಹೇಳು, ಲೆಕ್ಕಕ್ಕಲ್ಲ" ಎಂದು ಹೇಳಿ ಕಳುಹಿಸುತ್ತಾನೆ.

ಹೀಗೆಂದು ಈ ಸಂಬಂಧವನ್ನು ಕೇವಲ ಪ್ರಶಂಸಿಸಿ ಬಿಡುವುದು ಸತ್ಯಕ್ಕೆ ಅಪಚಾರವಾದೀತು. ಬಂಧಕ್ಕೂ ಬಂಧನಕ್ಕೂ ನಡುವಣ ಅಂತರ ಬಹಳ ಕಿರಿದು. ಉದ್ರಿಯ ಗಿರಾಕಿಗೆ ಬೇರೆ ದಾರಿಯಿಲ್ಲವೆಂದರಿತು ಹೆಚ್ಚಿನ ಬೆಲೆ ಹಾಕಿದವರು, ಓದುಬಾರದವರ ಪುಟದಲ್ಲಿ ಒಂದಕ್ಕೆರಡು ಬರೆದವರು, ಸುಗ್ಗಿಯ ಮಾಲನ್ನು ತಾವು ಹೇಳಿದ ಧಾರಣೆಗೇ ಕೊಡಬೇಕೆಂದು ಕಟ್ಟುಹಾಕಿದವರು ಇಲ್ಲದಿಲ್ಲ. ಇದಕ್ಕಿಂತ ಘೋರವಾದುದು ಜಾತಿಯ ಗೋಡೆ. ಅಸ್ಪೃಶ್ಯರೆನಿಸಿದವರನ್ನು ಅಂಗಡಿಯ ಕಟ್ಟೆ ಹತ್ತಗೊಡದೆ ದೂರ ನಿಲ್ಲಿಸಿ, ಸಾಮಾನನ್ನು ಮೇಲಿನಿಂದ ಹಾಕಿ, ಹಣವನ್ನು ನೆಲದ ಮೇಲಿರಿಸಿಕೊಂಡು ಪಡೆದ ಇತಿಹಾಸ ಈ ನಾಡಿನದೇ. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿಗಳ ಪ್ರವೇಶವನ್ನು ಹೆಸರಿಸಿ, ಜಾತಿಯ ಕಾರಣದಿಂದ ಅದಕ್ಕೆ ಅಡ್ಡಿ ಮಾಡಲಾಗದೆಂದು ವಿಧಿಸಿತು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. 1955ರ ಕಾಯಿದೆ ಇಂಥ ಅಡ್ಡಿಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಒಬ್ಬರಿಗೆ ಕೊಸರನ್ನೂ ಮತ್ತೊಬ್ಬರಿಗೆ ಅವಮಾನವನ್ನೂ ಅಳೆದ ತಕ್ಕಡಿ, ಗುಂಡು ಸರಿಯಾಗಿದ್ದ ಮಾತ್ರಕ್ಕೆ ಸಾಚಾ ಎನಿಸದು. ಕಾಯಕವನ್ನು ಪೂಜ್ಯವೆಂದು ಸಾರಿದ ಶರಣರ ನಾಡಿನಲ್ಲಿ ಇದು ಇನ್ನೂ ಹೆಚ್ಚು ನಾಚಿಕೆಯ ಸಂಗತಿ.

ಆದುದರಿಂದ ಬಾಂಧವ್ಯವು ನಿಜವೋ ಅಲ್ಲವೋ ಎಂಬುದನ್ನು ಕೆಲವು ಸರಳ ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಖಾತೆಯ ಪ್ರತಿ ಗಿರಾಕಿಯ ಕೈಯಲ್ಲೂ ಇದೆಯೇ? ರೋಖಕ್ಕೂ ಉದ್ರಿಗೂ ಒಂದೇ ಬೆಲೆಯೇ? ಬಾಕಿ ತೀರಿಸಿ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಅವನಿಗುಂಟೇ? ಕಟ್ಟೆಯ ಮೇಲೆ ಎಲ್ಲರಿಗೂ ಸಮನಾದ ಸ್ಥಳವಿದೆಯೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದಲ್ಲಿ ಮಾತ್ರ ಅಂತಃಕರಣದ ಮಾತನ್ನಾಡುವ ಅಧಿಕಾರ ಅಂಗಡಿಯವನಿಗೆ ಪ್ರಾಪ್ತವಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ಸಂಬಂಧ ಮತ್ತೆರಡು ಬಾರಿ ಪರೀಕ್ಷೆಗೊಳಗಾಯಿತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳ ಚಲಾವಣೆ ರದ್ದಾದಾಗ ಕೈಯಲ್ಲಿ ನೋಟಿದ್ದೂ ಕೊಳ್ಳಲಾಗದ ಸ್ಥಿತಿ ಬಂದಿತು. 2020ರ ಮಾರ್ಚ್ 25ರಿಂದ ದೇಶವ್ಯಾಪಿಯಾಗಿ ಸಂಚಾರ ನಿಂತಾಗ ಕೂಲಿಯೇ ನಿಂತಿತು. ದಿನಸಿ ಅಂಗಡಿಗಳಿಗೆ ಮಾತ್ರ ತೆರೆಯಲು ಅವಕಾಶವಿತ್ತು. ಎರಡೂ ಸಲ ಬಡವರ ಮನೆಯ ಒಲೆ ಉರಿಯುವುದಕ್ಕೆ ಓಣಿಯ ಅಂಗಡಿಯ ಖಾತೆಯೂ ಒಂದು ಆಸರೆಯಾಯಿತು. ಇಂದು ಮೊಬೈಲಿನಿಂದ ಹಣ ಸಂದಾಯವಾಗುತ್ತದೆ, ದೊಡ್ಡ ಮಳಿಗೆಗಳು ಬೆಲೆಯಲ್ಲಿ ರಿಯಾಯಿತಿ ಕೊಡುತ್ತವೆ, ಸಾಮಾನು ಮನೆಬಾಗಿಲಿಗೆ ಬರುತ್ತದೆ. ಅಲ್ಲಿ ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲವೆಂಬುದು ಸಣ್ಣ ಲಾಭವಲ್ಲ. ಆದರೆ ಅಲ್ಲಿ ಯಾರ ಕಷ್ಟವನ್ನೂ ಯಾರೂ ಕೇಳುವುದಿಲ್ಲ. ಹಣವಿಲ್ಲದ ದಿನ ಅಲ್ಲಿಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ.

ದೀಪಾವಳಿಯ ಅಮಾವಾಸ್ಯೆಯಂದೋ ಪಾಡ್ಯದಂದೋ ಅಂಗಡಿಗಳಲ್ಲಿ ಲಕ್ಷ್ಮೀಪೂಜೆಯಾಗಿ ಹೊಸ ಖಾತೆಯ ಪುಸ್ತಕ ತೆರೆಯುವ ಸಂಪ್ರದಾಯವಿದೆ. ಗಿರಾಕಿಗಳನ್ನು ಕರೆದು ತಾಂಬೂಲ, ಚುರುಮುರಿ, ಬತ್ತಾಸು ಕೊಡುತ್ತಾರೆ. ಬಾಕಿಯಿರುವವನಿಗೂ ಇಲ್ಲದವನಿಗೂ ಅಂದು ಒಂದೇ ತಾಂಬೂಲ. ಅದಕ್ಕೆ ಮುನ್ನ ಮಾಲೀಕನು ಒಬ್ಬನೇ ಕುಳಿತು ಹಳೆಯ ಪುಸ್ತಕದ ಬಾಕಿಗಳನ್ನು ಹೊಸದಕ್ಕೆ ಏರಿಸಿಕೊಳ್ಳುತ್ತಾನೆ. ಗಂಡನನ್ನು ಕಳೆದುಕೊಂಡವಳು, ಮಗನ ಔಷಧೋಪಚಾರಕ್ಕೆ ಹೊಲ ಮಾರಿದವನು, ಮಗ್ಗ ನಿಲ್ಲಿಸಿ ಊರು ಬಿಟ್ಟವನು — ಇಂಥ ಕೆಲವು ಹೆಸರುಗಳ ಬಳಿ ಲೇಖನಿ ಒಂದು ಕ್ಷಣ ನಿಂತು ಮುಂದಿನ ಸಾಲಿಗೆ ಹೋಗುತ್ತದೆ. ಸಾಲ ಮನ್ನಾ ಆಯಿತೆಂದು ಅವನು ಯಾರಿಗೂ ಹೇಳುವುದಿಲ್ಲ, ಆ ಮನೆಯವರಿಗೂ ತಿಳಿಯಗೊಡುವುದಿಲ್ಲ. ಹೊಸ ಪುಸ್ತಕದಲ್ಲಿ ಆ ಹೆಸರು ಬರೆಯಲ್ಪಡುವುದಿಲ್ಲ, ಅಷ್ಟೆ.